ಆರು ಬೋಲ್ಟಿನ ಸೈಲೆನ್ಸರ್

1982ನೇ ಇಸವಿಯಲ್ಲಿ ತಿಪಟೂರಿನಲ್ಲಿ ನನ್ನದೊಂದು ಗ್ಯಾರೇಜ್ ಇತ್ತು. ಹಾಸನದ ರಸ್ತೆಗೆ ಮುಖ ಮಾಡಿದ ತಗಡಿನ ಚಾವಣಿ, ಎರಡು ಕಾರು ಮತ್ತು ಒಂದು ಲಾರಿಯ ಮೂತಿ ಹಿಡಿಸುವಷ್ಟು ಜಾಗ. ಅದಕ್ಕೆ ಮೊದಲು ಏಳೆಂಟು ವರ್ಷ ಬೆಂಗಳೂರಿನಲ್ಲಿ, ರೇಸಿಗೆ ಕಾರು ತಯಾರು ಮಾಡುತ್ತಿದ್ದ ಒಬ್ಬರ ಕೈಕೆಳಗೆ ಕೆಲಸ ಮಾಡಿದ್ದೆ. ಅವರು ಅಂಗಡಿ ಮುಚ್ಚಿದ ಮೇಲೆ ಊರಿಗೆ ಬಂದೆ. ರೇಸಿನ ವಿದ್ಯೆ ಕಲಿತು ಬಂದವನಿಗೆ ಇಲ್ಲಿ ಸಿಕ್ಕಿದ್ದು ಕೊಬ್ಬರಿ ಲಾರಿಗಳ ಕ್ಲಚ್ ಪ್ಲೇಟು, ಮಂಡಿ ವರ್ತಕರ ಕಾರಿನ ಬ್ರೇಕು, ತೋಟದ ಡೀಸೆಲ್ ಪಂಪುಸೆಟ್ಟು. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಬೇಸರ ಬಂದದ್ದು ನಾನು ಕಲಿತ ವಿದ್ಯೆಗೇ ಒಮ್ಮೆ ಕೆಲಸ ಸಿಕ್ಕಿದಾಗ. ನಲವತ್ತು ವರ್ಷ ಕಳೆದರೂ ಆ ಸಿಟ್ಟು ಆರಿಲ್ಲ. ಆರಿದೆ ಎಂದು ನಟಿಸುವ ವಯಸ್ಸೂ ನನ್ನದಲ್ಲ.

ಕಿಬ್ಬನಹಳ್ಳಿ ಕ್ರಾಸಿನಿಂದ ಒಳಕ್ಕೆ ಹೋದರೆ ಒಂದು ಹಳ್ಳಿ. ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಅಲ್ಲಿನ ದೊಡ್ಡ ತೋಟದ ಯಜಮಾನರು ರುದ್ರಪ್ಪನವರು. ಸುತ್ತಮುತ್ತಲ ಊರಿನಲ್ಲಿ ಪಾಲು, ಬೇಲಿ, ನೀರಿನ ಜಗಳ ಏನೇ ಇರಲಿ, ಇವರು ಬಂದು ಜಗಲಿಯ ಮೇಲೆ ಕೂತರೆ ಎರಡೂ ಕಡೆಯವರು ಅರ್ಧ ಒಪ್ಪಿದಂತೆಯೇ. ಅವರ ಒಬ್ಬನೇ ಮಗ ಮಹೇಶ, ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಬಂದಿದ್ದ. ರುದ್ರಪ್ಪನವರ ತೀರಿಕೊಂಡ ಅಣ್ಣನ ಹೆಂಡತಿ ಗೌರಮ್ಮನವರು ಅದೇ ಮನೆಯ ಇನ್ನೊಂದು ಭಾಗದಲ್ಲಿ ಬೇರೆ ಒಲೆ ಹೂಡಿಕೊಂಡಿದ್ದರು. ತೋಟ ಪಾಲಾಗಿತ್ತು. ಅಟ್ಟ ಮಾತ್ರ ಇಬ್ಬರಿಗೂ ಸೇರಿದ್ದು.

ನಮ್ಮ ಸೀಮೆಯ ಹೊರಗಿನವರಿಗೆ ಅಟ್ಟದ ವಿಷಯ ಸ್ವಲ್ಪ ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎನ್ನಬೇಕು. ಆಮೇಲೆ ಸುಲಿದು, ಒಡೆದು ತಿಪಟೂರಿನ ಮಾರುಕಟ್ಟೆಗೆ ತರುತ್ತಾರೆ. ಹಾಗಾಗಿ ಅಟ್ಟದ ಮೇಲಿರುವುದು ಇಡೀ ವರ್ಷದ ಫಸಲು. ಕೆಳಗಿನ ಅಂತಸ್ತಿನಲ್ಲಿ ಗಾಡಿ, ನೇಗಿಲು, ಸುಲಿದ ಸಿಪ್ಪೆಯ ರಾಶಿ. ರುದ್ರಪ್ಪನವರ ಮನೆಯಲ್ಲಿ ಕಾರು ನಿಲ್ಲುತ್ತಿದ್ದದ್ದೂ ಅಲ್ಲೇ.

ಆ ಮನೆಯ ಪಂಪುಸೆಟ್ಟು ರಿಪೇರಿಗೆ ನಾನು ಹಲವು ಸಲ ಹೋಗಿದ್ದೆ. ರುದ್ರಪ್ಪನವರಿಗೆ ತೆಂಗಿನ ನಾರಿನ ಮೇಲೆ ಇದ್ದ ನಂಬಿಕೆ ದೇವರ ಮೇಲೂ ಇತ್ತೋ ಇಲ್ಲವೋ. ಪೈಪು ಸೋರಿದರೆ ನಾರು ಸುತ್ತಬೇಕು. ಇಂಜಿನ್ನು ಅದುರಿದರೆ ಅಡಿಗೆ ನಾರಿನ ಮೆತ್ತೆ ಹಾಕಬೇಕು. ಹೆಂಚಿನ ಸಂದಿಗೆ ನಾರು, ಬಾಗಿಲು ಬಡಿದುಕೊಂಡರೆ ನಾರು. ಪಂಪುಮನೆಯ ಗೋಡೆಗೆ ನಾರಿನ ಚಾಪೆ ತೂಗುಹಾಕಿ, ಸದ್ದು ಕಡಿಮೆ ಮಾಡಿದ್ದನ್ನು ನನಗೆ ಹೆಮ್ಮೆಯಿಂದ ತೋರಿಸಿದ್ದರು. ನಿಜಕ್ಕೂ ಸದ್ದು ಕಡಿಮೆಯಾಗಿತ್ತು. ಅವರು ದಡ್ಡರೇನಲ್ಲ.

ಆ ವರ್ಷ ಒಂದು ಮೋಟಾರು ರ‍್ಯಾಲಿ ಹುಳಿಯಾರಿನ ಕಡೆಯ ಮಣ್ಣುರಸ್ತೆಗಳ ಮೇಲೆ ಹಾದುಹೋಗುವುದಿತ್ತು. ಅದರಲ್ಲಿ ಓಡಿಸಬೇಕೆಂದು ಮಹೇಶನಿಗೆ ಹುಚ್ಚು ಹತ್ತಿತು. ಮನೆಯಲ್ಲಿದ್ದದ್ದು ಆ ಕಾಲದಲ್ಲಿ ಎಲ್ಲರ ಬಳಿಯೂ ಇದ್ದ ಸಣ್ಣ ಕಾರು, ನಾಲ್ಕು ಸಿಲಿಂಡರಿನದು. ಅದನ್ನು ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿ, "ಗಂಗಾಧರಣ್ಣ, ಬೆಂಗ್ಳೂರಲ್ಲಿ ಮಾಡ್ತಿದ್ರಲ್ಲ, ಹಂಗೇ ಮಾಡ್ಕೊಡಿ" ಎಂದ. ನನಗೂ ಕೈ ತುರಿಸುತ್ತಿತ್ತು. ಒಪ್ಪಿಕೊಂಡೆ.

ಕಾರಿನ ವೇಗ ಪೆಟ್ರೋಲು ಒಳಗೆ ಹೋಗುವುದರಲ್ಲಿ ಇದೆ ಎಂದು ಜನ ತಿಳಿಯುತ್ತಾರೆ. ಹೊಗೆ ಹೊರಗೆ ಹೋಗುವುದರಲ್ಲೂ ಅಷ್ಟೇ ಇದೆ. ಸಾಮಾನ್ಯ ಕಾರಿನಲ್ಲಿ ಇಂಜಿನ್ನಿನ ಪಕ್ಕಕ್ಕೆ ಬೀಡು ಕಬ್ಬಿಣದ ಒಂದು ಗಿಡ್ಡ ಕೊಳವೆ ಇರುತ್ತದೆ, ಅದು ಮ್ಯಾನಿಫೋಲ್ಡ್. ನಾಲ್ಕೂ ಸಿಲಿಂಡರಿನ ಹೊಗೆ ಬಂದು ಬೀಳುವುದು ಅದರೊಳಕ್ಕೆ. ನಾಲ್ಕು ಓಣಿಯ ಗಾಡಿಗಳು ಒಟ್ಟಿಗೆ ಸಂತೆಯ ಬಾಗಿಲಿಗೆ ಬಂದಂತೆ, ಒಂದು ಸಿಲಿಂಡರಿನ ಹೊಗೆ ಇನ್ನೊಂದರ ದಾರಿಗೆ ಅಡ್ಡ ನಿಲ್ಲುತ್ತದೆ. ಹಳೆಯ ಹೊಗೆ ಪೂರ್ತಿ ಜಾಗ ಬಿಡದಿದ್ದರೆ ಹೊಸ ಪೆಟ್ರೋಲು, ಗಾಳಿಗೆ ಒಳಗೆ ಜಾಗವೆಲ್ಲಿ?

ರೇಸಿನ ಕಾರಿನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಪೈಪು ಕೊಡುತ್ತೇವೆ. ಇದಕ್ಕೆ ಹೆಡರ್ ಎಂದು ಹೆಸರು. ನಾಲ್ಕು ಪೈಪೂ ಒಂದೇ ಉದ್ದ ಇರಬೇಕು, ಮುಂದೆ ಹೋಗಿ ಒಂದೇ ಪೈಪಿಗೆ ಸೇರಬೇಕು. ಹೊಗೆ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ, ಗುಕ್ಕು ಗುಕ್ಕಾಗಿ ಬರುತ್ತದೆ. ಒಂದು ಗುಕ್ಕು ಜೋರಾಗಿ ಮುಂದಕ್ಕೆ ಓಡಿದಾಗ ಅದರ ಬೆನ್ನಿಗೆ ಒತ್ತಡ ಕಡಿಮೆಯಾದ ಜಾಗ ಉಳಿಯುತ್ತದೆ. ಆ ಜಾಗವೇ ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಪೈಪಿನ ಉದ್ದ ಸರಿಯಿದ್ದರೆ ಈ ಎಳೆತ ಸರಿಯಾದ ಕ್ಷಣಕ್ಕೆ ಸಿಗುತ್ತದೆ. ಪೈಪು ದಪ್ಪವಾದಷ್ಟೂ ಒಳ್ಳೆಯದು ಎನ್ನುವುದು ಅರೆಬರೆ ಕಲಿತವರ ಮಾತು. ತೀರಾ ದಪ್ಪವಾದರೆ ಹೊಗೆ ನಿಧಾನವಾಗುತ್ತದೆ, ಎಳೆತ ಸತ್ತುಹೋಗುತ್ತದೆ, ಉಳಿಯುವುದು ಸದ್ದು ಮಾತ್ರ.

ತಿಪಟೂರಿನಲ್ಲಿ ಪೈಪು ಬಗ್ಗಿಸುವ ಯಂತ್ರ ಇರಲಿಲ್ಲ. ಪೈಪಿನೊಳಗೆ ಒಣ ಮರಳು ತುಂಬಿ, ಎರಡೂ ತುದಿಗೆ ಮರದ ಬಿರಡೆ ಬಡಿದು, ಕರಟದ ಇದ್ದಿಲಿನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಕೈಯಲ್ಲೇ ಬಗ್ಗಿಸಿದೆ. ಮರಳು ಇದ್ದರೆ ಪೈಪು ಬಾಗುವಾಗ ಚಪ್ಪಟೆಯಾಗುವುದಿಲ್ಲ. ಒಂದು ತಿಂಗಳು ಹಿಡಿಯಿತು. ಆ ತಿಂಗಳು ನಾನು ಖುಷಿಯಾಗಿದ್ದೆ, ಅದನ್ನು ಹೇಳಲು ನಾಚಿಕೆಯಿಲ್ಲ.

ಇನ್ನು ಸೈಲೆನ್ಸರ್. ಮಾಮೂಲಿ ಸೈಲೆನ್ಸರಿನೊಳಗೆ ಅಡ್ಡಗೋಡೆಗಳಿರುತ್ತವೆ, ಹೊಗೆ ಸುತ್ತಿ ಬಳಸಿ ಹೋಗುವಾಗ ಸದ್ದು ಕುಗ್ಗುತ್ತದೆ, ಜೊತೆಗೆ ಇಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ನಾನು ಮಾಡಿದ್ದು ನೇರ ದಾರಿಯದು. ಮಧ್ಯೆ ಮೈತುಂಬ ತೂತು ಕೊರೆದ ಪೈಪು, ಸುತ್ತ ಉಕ್ಕಿನ ಹೊರಚಿಪ್ಪು, ಎರಡರ ನಡುವಿನ ಜಾಗಕ್ಕೆ ಗ್ಲಾಸ್ ವುಲ್, ಅಂದರೆ ಗಾಜಿನ ಹತ್ತಿ. ಹೊಗೆ ಅಡ್ಡಿಯಿಲ್ಲದೆ ನೇರ ಹೋಗುತ್ತದೆ. ಸದ್ದು ಮಾತ್ರ ತೂತುಗಳಿಂದ ಪಕ್ಕಕ್ಕೆ ನುಗ್ಗಿ ಹತ್ತಿಯಲ್ಲಿ ಸೋತು ಹೋಗುತ್ತದೆ. ಗಾಜಾದ್ದರಿಂದ ಅದಕ್ಕೆ ಬೆಂಕಿ ಹಿಡಿಯುವುದಿಲ್ಲ. ಆದರೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಕಣ್ಣಿಗೆ ಕಾಣದ ಗಾಜಿನ ಎಳೆ ಚರ್ಮಕ್ಕೆ ಹೊಕ್ಕು, ಕೆರೆದಷ್ಟೂ ಕೆಂಪಾಗಿ ದದ್ದು ಏಳುತ್ತದೆ. ನಾನು ಮೊಣಕೈವರೆಗೆ ಬಟ್ಟೆ ಸುತ್ತಿಕೊಂಡೇ ತುಂಬಿದ್ದೆ.

ಈ ಹತ್ತಿ ಕಾಲಕ್ರಮದಲ್ಲಿ ಹೊಗೆಯ ಜೊತೆ ಹಾರಿಹೋಗುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಅದಕ್ಕೆಂದೇ ಸೈಲೆನ್ಸರಿನ ಹಿಂದಿನ ಮುಚ್ಚಳವನ್ನು ವೆಲ್ಡ್ ಮಾಡದೆ ಆರು ಬೋಲ್ಟು ಹಾಕಿ ಬಿಗಿದೆ. ಬೆಂಗಳೂರಿನಲ್ಲಿ ನನ್ನ ಗುರುಗಳೂ ಹಾಗೇ ಮಾಡುತ್ತಿದ್ದರು.

ಕಾರನ್ನು ನಾನೇ ಅವರ ಹಳ್ಳಿಗೆ ಓಡಿಸಿಕೊಂಡು ಹೋದೆ. ನಾರು ಪುಡಿ, ಒಣ ಸಿಪ್ಪೆಯ ಮೇಲೆ ಬಿಸಿ ಕಾರು ನಿಲ್ಲಿಸಬೇಡ ಎಂದು ಮಹೇಶನಿಗೆ ಹೇಳಿದೆ. ಅವನು ಅಟ್ಟದ ಕೆಳಗೆ ಕಾರು ನಿಲ್ಲುವ ಜಾಗ ಗುಡಿಸಿಸಿದ. ಇಂಜಿನ್ನಿನ ಸದ್ದಿಗೆ ರುದ್ರಪ್ಪನವರು ಜಗಲಿಗೆ ಬಂದರು.

"ಏನಯ್ಯಾ ಗಂಗಾಧರ, ಇದು ಕಾರೋ, ಹಿಟ್ಟಿನ ಗಿರಣೀನೋ?"

ರ‍್ಯಾಲಿ ಮುಗಿಯುವವರೆಗೆ ಸಹಿಸಿಕೊಳ್ಳಿ ಎಂದೆ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಮಗ ಕಾರು ಸ್ಟಾರ್ಟ್ ಮಾಡಿದರೆ ಹಸು ಒದೆಯುತ್ತದೆ ಎಂದು ಅವರು ಗೊಣಗಿದರು. ಸೈಲೆನ್ಸರಿನೊಳಗೆ ಏನಿದೆ ಎಂದು ವಿಚಾರಿಸಿದರು. ಗಾಜಿನ ಹತ್ತಿ ಎಂದೆ. "ಹತ್ತಿ ಎಂಥ ಸದ್ದು ತಡೀತದೆ" ಎಂದು ನಕ್ಕರು. ನಾನೂ ನಕ್ಕೆ. ಕಾಫಿ ಕುಡಿದು ಬಸ್ಸು ಹತ್ತಿದೆ.

ಎರಡು ಮೂರು ವಾರದ ಮೇಲೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಕಾಯುತ್ತಿದ್ದೆ. ನಾನು ಮಾಡಿದ ಪೈಪಿನ ಸದ್ದು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಕಾರು ಮಹೇಶನದೇ, ಸದ್ದು ನನ್ನದಲ್ಲ. ಮೆತ್ತಗೆ, ಬಾಯಿಗೆ ಬಟ್ಟೆ ತುರುಕಿದಂತೆ ಬರುತ್ತಿತ್ತು. ಹಿಂದಿನ ಪೈಪಿನಿಂದ ಬಿಳಿ ಹಬೆ. ಕೈ ಅಡ್ಡ ಹಿಡಿದು ನಿಲ್ಲಿಸಿ, "ಏನು ಮಾಡಿದ್ಯಪ್ಪ ಸೈಲೆನ್ಸರಿಗೆ?" ಎಂದೆ.

ಅವನು ಇಂಜಿನ್ನು ಆರಿಸದೆಯೇ ನಕ್ಕ. "ಅಪ್ಪ ಏನೋ ವೈದ್ಯ ಮಾಡ್ಸವ್ರೆ ಬುಡಿ ಗಂಗಾಧರಣ್ಣ. ಈಗ ಹಸೂನೂ ಒದೆಯಲ್ಲ, ಅಪ್ಪಾನೂ ಬಯ್ಯಲ್ಲ."

"ಏನು ವೈದ್ಯ? ನಾಳೆ ಗ್ಯಾರೇಜಿಗೆ ತಗೊಂಡು ಬಾ, ಬಿಚ್ಚಿ ನೋಡ್ತೀನಿ."

"ಬತ್ತೀನಿ" ಎಂದು ಹೋದ. ಮರುದಿನ ಬರಲಿಲ್ಲ. ಅದರ ಮಾರನೇ ದಿನ ಮಧ್ಯಾಹ್ನ ತುರುವೇಕೆರೆಗೆ ಹೋಗಿ ಬಂದು, ಅಟ್ಟದ ಕೆಳಗೆ ಕಾರು ನಿಲ್ಲಿಸಿ ಊಟಕ್ಕೆ ಕೂತಿದ್ದಾನೆ. ಊಟ ಮುಗಿಸಿ ಅಡಿಕೆ ಬಾಯಿಗೆ ಹಾಕುವ ಹೊತ್ತಿಗೆ ಅಟ್ಟದ ಸಂದಿಯಿಂದ ಹೊಗೆ ಕಂಡಿದೆ.

ಕೊಬ್ಬರಿಗೆ ಹಿಡಿದ ಬೆಂಕಿಯನ್ನು ನೋಡಿದವರಿಗೇ ಗೊತ್ತು. ಎಣ್ಣೆ ಇಳಿದು ಅಟ್ಟದ ತೀರು ತೊಲೆಗಳ ಮೇಲಿಂದ ಉರಿಯುತ್ತಲೇ ಸುರಿಯುತ್ತದೆ, ನೀರು ಹಾಕಿದರೆ ಸಿಡಿಯುತ್ತದೆ. ಜನ ಬಾವಿಯಿಂದ ಕೊಡ ಕೊಡ ತಂದು ಹಾಕಿದರೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಎರಡು ಮನೆಯ ವರ್ಷದ ಫಸಲು, ಅಟ್ಟ, ಗಾಡಿ, ಕಾರು ಎಲ್ಲ ಬೂದಿ. ಯಾರ ಪ್ರಾಣವೂ ಹೋಗಲಿಲ್ಲ. ಗೌರಮ್ಮನವರಿಗೆ ಆ ಅಟ್ಟ ಬಿಟ್ಟರೆ ಬೇರೆ ಆದಾಯವಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ಸುದ್ದಿ ತಿಪಟೂರಿಗೆ ಬಂದಿತ್ತು. ಗ್ಯಾರೇಜಿನ ಗಂಗಾಧರ ಕಟ್ಟಿದ ರೇಸಿನ ಪೈಪಿನಿಂದ ಬೆಂಕಿ ಬಿತ್ತು ಎಂದು. ಹೇಳಿದವರು ರುದ್ರಪ್ಪನವರೇ. ಅವರ ಬಾಯಿಂದ ಬಂದ ಮಾತಿಗೆ ಸಾಕ್ಷಿ ಕೇಳುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಒಬ್ಬ ಮಂಡಿ ವರ್ತಕರು ಬ್ರೇಕಿಗೆ ಬಿಟ್ಟಿದ್ದ ಕಾರನ್ನು ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಎಳೆಸಿಕೊಂಡು ಹೋದರು. ಲಾರಿಯವರು ರಸ್ತೆಯಲ್ಲೇ ನಿಧಾನ ಮಾಡಿ, ನನ್ನ ಮುಖ ನೋಡಿ, ಮುಂದೆ ಹೋದರು. ಮೆಕ್ಯಾನಿಕ್ಕಿಗೆ ಇರುವ ಬಂಡವಾಳ ಒಂದೇ, ಇವನ ಕೈಯಲ್ಲಿ ಗಾಡಿ ಕೊಟ್ಟರೆ ಭಯವಿಲ್ಲ ಎಂಬ ಮಾತು. ಅದು ಒಂದೇ ಬೆಳಗಿನಲ್ಲಿ ಹೋಯಿತು.

ಸಂಜೆ ಹಳ್ಳಿಯಿಂದ ಕರೆ ಬಂತು. ಗೌರಮ್ಮನವರು ತಮ್ಮ ಪಾಲಿನ ಕೊಬ್ಬರಿಗೆ ಯಾರು ಹೊಣೆ ಎಂದು ಕೇಳಿದ್ದರು. ಪಕ್ಕದ ಊರುಗಳ ನಾಲ್ಕು ಜನ ಹಿರಿಯರು ಸೇರಿ ಮಾತಾಡುತ್ತಾರೆ, ನೀನು ಬರಬೇಕು ಎಂದರು. ಹೋಗುವಾಗ ಚೀಲದಲ್ಲಿ ಹ್ಯಾಕ್ಸಾ ಬ್ಲೇಡು, ಉಳಿ, ಸುತ್ತಿಗೆ ಇಟ್ಟುಕೊಂಡೆ.

ಮಾರನೇ ದಿನ ಬೆಳಿಗ್ಗೆ ಜಗಲಿಯ ಮೇಲೆ ಹಿರಿಯರು ಕೂತಿದ್ದರು, ಪಕ್ಕದಲ್ಲಿ ರುದ್ರಪ್ಪನವರು. ಮಹೇಶ ಕಂಬಕ್ಕೆ ಒರಗಿ ನಿಂತಿದ್ದ. ಗೌರಮ್ಮನವರು ಬಾಗಿಲ ಒಳಗೆ. ಜಗಲಿಯ ಕೆಳಗೆ ಆಳುಗಳು. ಅವರಲ್ಲಿ ಒಬ್ಬ ಕರಿಯಣ್ಣ. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಕಾಯಿ ಸುಲಿಯುತ್ತಿದ್ದವನು. ಪಂಪುಸೆಟ್ಟಿಗೆ ಹೋದಾಗಲೆಲ್ಲ ನನ್ನ ಪೆಟ್ಟಿಗೆ ಹೊತ್ತು ತರುತ್ತಿದ್ದವನೂ ಅವನೇ.

"ದುಡ್ಡು ಕಾಸು ಯಾರೂ ಕೇಳ್ತಿಲ್ಲ ಕಣಪ್ಪ" ಎಂದರು ಹಿರಿಯರಲ್ಲೊಬ್ಬರು. "ನನ್ನ ಕೆಲಸದಿಂದ ಆಯ್ತು ಅಂತ ಒಂದು ಮಾತು ಒಪ್ಕೊಂಡು ಬುಡು. ಮನೆ ಒಳಗಿನ ಜಗಳ ಅಲ್ಲಿಗೆ ತೀರ್ತದೆ."

ಎಷ್ಟು ಸಸಾರವಾಗಿ ಕೇಳಿದರು. ಆ ಒಂದು ಮಾತು ಒಪ್ಪಿಕೊಂಡರೆ ನಾನು ಗ್ಯಾರೇಜಿಗೆ ಬೀಗ ಹಾಕಬೇಕಿತ್ತು. ಒಪ್ಪುವುದಿಲ್ಲ, ಸೈಲೆನ್ಸರ್ ತರಿಸಿ ಎಂದೆ.

ಸುಟ್ಟ ಕಾರಿನ ಕೆಳಗಿಂದ ಅದನ್ನು ಎಳೆದು ತಂದರು. ನಾನು ಮೊದಲು ಹಿಂದಿನ ಮುಚ್ಚಳ ತೋರಿಸಿದೆ. ಆರು ಬೋಲ್ಟಿನ ಜಾಗದಲ್ಲಿ ಎರಡೇ ಬೋಲ್ಟು ಇದ್ದವು, ಉಳಿದ ತೂತುಗಳಿಗೆ ಕಟ್ಟುವ ತಂತಿ ಬಿಗಿದಿತ್ತು. ಮುಚ್ಚಳ ಒಂದು ಕಡೆ ಬಾಯಿ ಬಿಟ್ಟಿತ್ತು. ಆಮೇಲೆ ಎಲ್ಲರ ಎದುರು ಹೊರಚಿಪ್ಪನ್ನು ಉದ್ದಕ್ಕೆ ಕೊಯ್ದು, ಉಳಿ ಹಾಕಿ ಅಗಲಿಸಿದೆ.

ಗಾಜಿನ ಹತ್ತಿ ಬೆಂಕಿಯಲ್ಲಿ ಬೂದಿಯಾಗುವುದಿಲ್ಲ, ಅಂಥ ಬೆಂಕಿಯಲ್ಲಿ ಕರಗಿ ಗಡ್ಡೆಗಟ್ಟುತ್ತದೆ. ಒಳಗೆ ಗಾಜಿನ ಒಂದು ಹನಿಯೂ ಇರಲಿಲ್ಲ. ಮುಂದಿನ ಮೂಲೆಯಲ್ಲಿ, ಗಾಳಿ ಹೋಗದಷ್ಟು ಒತ್ತಿ ತುಂಬಿದ ಕಡೆ, ಇದ್ದಿಲಾಗಿಯೂ ಎಳೆ ಎಳೆಯಾಗಿ ಉಳಿದಿತ್ತು. ತೆಂಗಿನ ನಾರು. ಆ ಸೀಮೆಯ ಮಕ್ಕಳಿಗೂ ಅದರ ಗುರುತು ಹೇಳಿಕೊಡಬೇಕಾಗಿರಲಿಲ್ಲ. ಒಬ್ಬ ಹಿರಿಯರು ಬೆರಳಲ್ಲಿ ಮುಟ್ಟಿ, ಉಜ್ಜಿ, ಪಂಚೆಗೆ ಒರಸಿಕೊಂಡರು.

"ಅಲ್ಲಯ್ಯಾ, ಕಾರು ನಿಲ್ಸಿ ಅವನು ಊಟಕ್ಕೆ ಹೋದ. ಓಡೋವಾಗ ಹತ್ತದ ಬೆಂಕಿ, ನಿಂತ ಮೇಲೆ ಹತ್ತುತ್ತಾ?" ಎಂದರು ರುದ್ರಪ್ಪನವರು.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ನಾರನ್ನು ಸಿಪ್ಪೆ ನೆನೆಹಾಕುವ ಹೊಂಡದಿಂದ ತೆಗೆದು ಹಸಿಯಾಗಿಯೇ ತುಂಬಿದ್ದಾರೆ, ಅದಕ್ಕೇ ಆವತ್ತು ಬಿಳಿ ಹಬೆ ಬರುತ್ತಿತ್ತು. ಹಸಿ ಇರುವವರೆಗೆ ಸದ್ದೂ ಕಡಿಮೆ, ಅಪಾಯವೂ ಇಲ್ಲ. ಒಣಗಿದ ಮೇಲೆ ಅದು ಆ ಕಾವಿಗೆ ಕರಕಾಗುತ್ತದೆ. ಆದರೆ ಇಂಜಿನ್ನು ಓಡುತ್ತಿರುವಾಗ ಒಳಗೆ ತುಂಬಿರುವುದು ಹೊಗೆ, ಉರಿಯಲು ಬೇಕಾದ ಗಾಳಿ ಅದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಇಂಜಿನ್ನು ನಿಂತ ಮೇಲೆ ಪೈಪು ತಣ್ಣಗಾಗುತ್ತಾ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಕರಕಲು ಕೆಂಡವಾಗುತ್ತದೆ. ಮುಚ್ಚಳ ಬಾಯಿ ಬಿಟ್ಟ ಕಡೆಯಿಂದ ಕೆಂಡ ಉದುರುತ್ತದೆ. ಎಷ್ಟು ಗುಡಿಸಿದರೂ ಅಟ್ಟದ ಸಂದಿಯಿಂದ ನಾರಿನ ಪುಡಿ ಉದುರುತ್ತಲೇ ಇರುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಹಿರಿಯರು ತಲೆಯಾಡಿಸಿದರು.

ಗೆಲ್ಲುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಅಷ್ಟಕ್ಕೇ ನಿಲ್ಲಬಹುದಿತ್ತು.

"ಸರಿ, ತುಂಬಿದ್ದು ಯಾರು ಅಂತ ಹೆಂಗೆ ಹೇಳ್ತೀಯಾ?" ಎಂದರು ಒಬ್ಬರು.

ನಾನು ಮಹೇಶನ ಕಡೆ ತಿರುಗಿದೆ. "ಗಾಜಿನ ಹತ್ತೀನ ಬರಿಗೈಲಿ ಕಿತ್ತೋರಿಗೆ ಕೆರೆತ ಅಷ್ಟು ಬೇಗ ಬಿಡಲ್ಲ. ಕೈ ನೋಡಿದ್ರೆ ಗೊತ್ತಾಗುತ್ತೆ."

ಎಲ್ಲರೂ ಮಹೇಶನ ಕೈ ನೋಡಿದರು. ಅವನ ಕೈ ಮದುಮಗನ ಕೈಯಂತೆ ಶುಭ್ರವಾಗಿತ್ತು. ಅಷ್ಟರಲ್ಲಿ ಜಗಲಿಯ ಕೆಳಗೆ ಯಾರೋ ಪರಪರ ಕೆರೆದುಕೊಳ್ಳುತ್ತಿದ್ದ ಸದ್ದು ಥಟ್ಟನೆ ನಿಂತಿತು. ಕರಿಯಣ್ಣ ಎರಡೂ ಕೈಗಳನ್ನು ಟವೆಲ್ಲಿನ ಕೆಳಗೆ ಸೇರಿಸಿಕೊಂಡ. ಪಕ್ಕದಲ್ಲಿದ್ದವನು ಟವೆಲ್ ಸರಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ದದ್ದು, ಉಗುರಿನ ಗೀರು.

ರುದ್ರಪ್ಪನವರು ಅವನನ್ನು ನೋಡಿದರು. ಆ ನೋಟ ನನಗೆ ಈಗಲೂ ನೆನಪಿದೆ. ಅದರಲ್ಲಿ ಸಿಟ್ಟಿರಲಿಲ್ಲ, ದಾರಿ ಕಂಡವರ ನೆಮ್ಮದಿ ಇತ್ತು.

"ಏನ್ಲಾ ಕರಿಯ, ನಾರು ತುಂಬಿದ್ದು ನೀನಾ?"

"ಹೂಂ ಬುದ್ಧಿ. ನಾನೇಯ."

"ಹೇಳಿದ್ದು ಯಾರು? ಯಾರು ಹೇಳಿ ತುಂಬಿಸಿದ್ದು?" ನಾನು ಕೂಗಿಯೇಬಿಟ್ಟೆ.

ಕರಿಯಣ್ಣ ಯಜಮಾನರ ಮುಖ ನೋಡಿದ. ಅವರು ಅವನನ್ನೇ ನೋಡುತ್ತಿದ್ದರು. ಅವನು ತಲೆ ತಗ್ಗಿಸಿದ. "ಯಾರೂ ಯೋಳ್ನಿಲ್ಲ ಸ್ವಾಮಿ. ಸದ್ದು ಜಾಸ್ತಿ ಆಯ್ತದೆ ಅಂತ ನಾನೇ ತುಂಬುದೆ."

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮಹೇಶ ಹೇಳಿದ ಮಾತನ್ನು ನಾನು ಅಲ್ಲಿ ಅಕ್ಷರ ಬಿಡದೆ ಹೇಳಿದೆ. ಅಪ್ಪ ವೈದ್ಯ ಮಾಡಿಸಿದ್ದಾರೆ ಎಂದು ನಿನ್ನ ಬಾಯಿಂದಲೇ ಬಂತಲ್ಲ ಎಂದೆ. ಮಹೇಶ ಕಂಬದ ಬುಡ ನೋಡುತ್ತಾ, "ನಂಗೆ ನೆನಪಿಲ್ಲ ಗಂಗಾಧರಣ್ಣ" ಎಂದ. ಯಜಮಾನರು ಯಾವಾಗಲೂ ಬೀಗ ಹಾಕಿಡುವ ಬೀರಿನಲ್ಲಿದ್ದ ಕಾರಿನ ಪಾನಾಗಳನ್ನು, ಬೋಲ್ಟು ಬಿಚ್ಚುವ ಸ್ಪ್ಯಾನರುಗಳನ್ನು, ಆಳು ತಾನಾಗಿಯೇ ಹೇಗೆ ತೆಗೆದ ಎಂದು ಕೇಳಿದೆ. ರುದ್ರಪ್ಪನವರು ಕೈಯೆತ್ತಿ ಹೇಳಲಿ, ನಾನು ತುಂಬಿಸಿಲ್ಲ ಅಂತ ಹೇಳಲಿ ಎಂದೂ ಕೇಳಿದೆ. ಹಿರಿಯರಲ್ಲಿ ಒಬ್ಬರು ನನ್ನ ತೋಳು ಹಿಡಿದರು.

"ನಿನ್ನ ಹೆಸರು ಉಳೀತಲ್ಲಪ್ಪ. ಇನ್ನೇನು ಬೇಕು ನಿಂಗೆ?"

ಅಲ್ಲಿಗೆ ನ್ಯಾಯ ಮುಗಿಯಿತು. ಆಳಿನ ಅವಿವೇಕದಿಂದ ಆದ ಅನಾಹುತ, ಮಿಸ್ತ್ರಿಯ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಆಳಿನಿಂದ ಏನು ವಸೂಲು ಮಾಡುವುದು ಎಂದು ಗೌರಮ್ಮನವರಿಗೆ ಹೇಳಿದರು. ಕರಿಯಣ್ಣ ಇನ್ನು ಆ ಮನೆಯ ಹೊಸ್ತಿಲ ಹತ್ತಿರ ಬರಕೂಡದು ಎಂದರು. ರುದ್ರಪ್ಪನವರು ದೊಡ್ಡ ಮನಸ್ಸು ಮಾಡಿ ಪೊಲೀಸಿಗೆ ಹೇಳುವುದಿಲ್ಲ ಎಂದರು. ಅದಕ್ಕೂ ಅವರಿಗೆ ಹೊಗಳಿಕೆ ಸಿಕ್ಕಿತು.

ನಾನು ಚೀಲ ಎತ್ತಿಕೊಂಡು ಹಿತ್ತಲ ದಾರಿಯಿಂದ ಹೊರಟಾಗ ಗೌರಮ್ಮನವರು ಬಾವಿಯ ಹತ್ತಿರ ನಿಂತಿದ್ದರು. "ಈ ಮನೇಲಿ ಯಜಮಾನ ಹೇಳದೆ ಒಂದು ಗರಿ ಅಲ್ಲಾಡಲ್ಲ ಕಣಪ್ಪ, ನಂಗೊತ್ತಿಲ್ವಾ" ಎಂದರು, ಮೆಲ್ಲಗೆ.

"ಅಲ್ಲೇ ಹೇಳಬಹುದಿತ್ತಲ್ಲಮ್ಮ" ಎಂದೆ.

"ನಾನು ಇಲ್ಲೇ ಬದುಕ್ಬೇಕಲ್ಲಪ್ಪ" ಎಂದು ಕೊಡ ಎತ್ತಿಕೊಂಡು ಒಳಗೆ ಹೋದರು.

ತಿಪಟೂರಿನಲ್ಲಿ ನನ್ನ ಹೆಸರು ನಿಜಕ್ಕೂ ಉಳಿಯಿತು. ಉಳಿಯುವುದೇನು, ಇನ್ನಷ್ಟು ಏರಿತು. ಸುಟ್ಟ ಕಬ್ಬಿಣ ಕೊಯ್ದು ಕಳ್ಳನನ್ನು ಹಿಡಿದವನು ಎಂದು ಲಾರಿಯವರು ಚಹಾ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದರು. ಬ್ರೇಕಿನ ಕಾರನ್ನು ಎಳೆಸಿಕೊಂಡು ಹೋಗಿದ್ದ ಮಂಡಿ ವರ್ತಕರು ಅದನ್ನು ವಾಪಸು ಎಳೆಸಿಕೊಂಡು ಬಂದರು. ನನಗೆ ಅವರ ಮುಖಕ್ಕೆ ಸ್ಪ್ಯಾನರ್ ಎಸೆಯಬೇಕು ಎನಿಸಿತು. ಎಸೆಯಲಿಲ್ಲ, ಬ್ರೇಕು ಸರಿಮಾಡಿ ಕೊಟ್ಟೆ.

ಹದಿನೈದು ದಿನವಾಗಿರಬಹುದು, ಕರಿಯಣ್ಣ ಗ್ಯಾರೇಜಿನ ಮುಂದೆ ಬಂದು ನಿಂತ. ಬಯ್ಯಲು ಬಂದಿದ್ದಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಕೈ ಮುಂದೆ ಚಾಚಿ, "ಈ ಕೆರೆತ ಇನ್ನೆಷ್ಟು ದಿವ್ಸ ಇರ್ತದೆ ಸ್ವಾಮಿ? ನಿಮಗೆ ಗೊತ್ತಲ್ಲ, ಅದಕ್ಕೇ ಬಂದೆ" ಎಂದ.

ಇಷ್ಟು ದಿನ ಇರಬಾರದಲ್ಲ ಎಂದೆ. ದದ್ದು ಆರಿರಲಿಲ್ಲ, ಕುತ್ತಿಗೆಗೂ ಕೆನ್ನೆಗೂ ಏರಿತ್ತು. ಕೇಳುತ್ತಾ ಹೋದಂತೆ ಎಲ್ಲ ಹೇಳಿದ. ಯಜಮಾನರೇ ಬೀರಿನ ಬೀಗ ತೆಗೆದು ಪಾನಾ ಕೊಟ್ಟಿದ್ದರು. ಹೊಂಡದಿಂದ ನಾರು ತರಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಇನ್ನೂ ಒತ್ತು, ಇನ್ನೂ ಒತ್ತು ಎಂದಿದ್ದರು. ಬಿಚ್ಚುವಾಗ ನಾಲ್ಕು ಬೋಲ್ಟು ಸಿಪ್ಪೆಯಲ್ಲಿ ಕಳೆದುಹೋದಾಗ, ತಂತಿ ಕಟ್ಟು ಎಂದವರೂ ಅವರೇ. ಒಳಗಿನ ಹತ್ತಿಯಲ್ಲಿ ಮಸಿ ಹಿಡಿಯದ ಮೇಲಿನ ಪದರವನ್ನು ನೋಡಿ, "ಎಸೀಬ್ಯಾಡ ಕಣ್ಲಾ, ತಗೊಂಡೋಗು, ದಿಂಬಿಗೆ ಆಯ್ತದೆ" ಎಂದಿದ್ದರು.

"ದಿಂಬು ಮಾಡ್ಕೊಂಡೆಯಾ?"

"ಹೂಂ ಸ್ವಾಮಿ. ಮೆತ್ತಗದೆ. ನಮ್ಮವಳೂ ಕೆರ್ಕೊತಾವ್ಳೆ."

ಇಪ್ಪತ್ತು ವರ್ಷದ ಚಾಕರಿಗೆ ಅವನು ಆ ಮನೆಯಿಂದ ತಂದದ್ದು ಅದೊಂದೇ. ಅದನ್ನು ಮಣ್ಣಲ್ಲಿ ಹೂಳು, ಹಾಸಿಗೆ ಬಟ್ಟೆಯೆಲ್ಲ ಕೆರೆಯಲ್ಲಿ ಜಾಲಿಸು, ಕೆರೆತ ತಾನಾಗಿ ಹೋಗುತ್ತದೆ ಎಂದೆ. ಅಲ್ಲಿ ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದೆ. ಅವನು ನನ್ನನ್ನು ನೋಡಿದ, ದಡ್ಡನನ್ನು ನೋಡುವಂತೆ.

"ಯೋಳುದ್ರೆ ಯಾರೂ ನಂಬ್ತಿರ್ಲಿಲ್ಲ ಸ್ವಾಮಿ. ನಂಬಿದ್ರೆ ಇನ್ನೂ ಕಷ್ಟ ಆಯ್ತಿತ್ತು."

ನನ್ನ ಹತ್ತಿರ ಇರು, ಪೈಪಿನ ಕೆಲಸ ಕಲಿಸುತ್ತೇನೆ ಎಂದೆ. ಕಬ್ಬಿಣದ ಕೆಲಸ ತನಗೆ ಬರುವುದಿಲ್ಲ ಎಂದು ತಲೆಯಾಡಿಸಿ ಹೋದ. ಮಾಯಸಂದ್ರದ ಕಡೆ ಹೊಂಡದ ನೀರಿನಲ್ಲಿ ನಿಂತು ನಾರು ಬಡಿಯುವ ಕೆಲಸಕ್ಕೆ ಸೇರಿದ ಎಂದು ಆಮೇಲೆ ತಿಳಿಯಿತು. ನಾನು ಅವನನ್ನು ಮತ್ತೆ ನೋಡಲಿಲ್ಲ.

ಮಹೇಶ ಮಾತ್ರ ಮತ್ತೆ ಬಂದ. ಮುಂದಿನ ವರ್ಷ, ಇನ್ನೊಂದು ಕಾರಿನಲ್ಲಿ. "ಅಪ್ಪನ ಮರ್ಯಾದೆ ಪ್ರಶ್ನೆ ಆಗಿತ್ತು ಗಂಗಾಧರಣ್ಣ. ನಿಮ್ಮ ಅಪ್ಪ ಆಗಿದ್ರೆ ನೀವೇನು ಮಾಡ್ತಿದ್ರಿ? ಅವನಿಗೇನು, ಎಲ್ಲಾದ್ರೂ ಕೂಲಿ ಸಿಗುತ್ತೆ" ಎಂದ. ಆಮೇಲೆ, ಅದೇ ತರ ಇನ್ನೊಂದು ಪೈಪು ಮಾಡಿಕೊಡಿ ಎಂದ. ಮಾಡುವುದಿಲ್ಲ ಎಂದೆ. ಯಾಕೆ ಎಂದು ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ, ಅದೇ ನನಗೆ ಇಂದಿಗೂ ಉರಿಯುವುದು. ರುದ್ರಪ್ಪನವರು ಸಾಯುವವರೆಗೂ ನ್ಯಾಯ ಹೇಳುತ್ತಲೇ ಇದ್ದರು.

ಆಮೇಲೆ ಇಪ್ಪತ್ತೈದು ವರ್ಷ ನಾನು ಆ ಗ್ಯಾರೇಜಿನಲ್ಲಿದ್ದೆ. ಈ ಕೆಲಸ ನನಗೆ ಏನು ಕಲಿಸಿತು ಎಂದು ಕೇಳುವವರಿಗೆ ಹೇಳುತ್ತೇನೆ. ಒತ್ತಡದಲ್ಲಿರುವ ಹೊಗೆ, ತಗಡು ಎಲ್ಲಿ ತೆಳುವಾಗಿದೆಯೋ ಅಲ್ಲಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತಪ್ಪಿನ ಹೊಣೆಯೂ ಹಾಗೆಯೇ. ಯಾವ ಭಾಗ ಯಾಕೆ ಕೆಟ್ಟಿತು ಎಂದು ನಾನು ಕೊಯ್ದು ತೋರಿಸಬಲ್ಲೆ. ಅದನ್ನು ಕೆಡಿಸಿದ ಮಾತು ಯಾರ ಬಾಯಿಂದ ಬಂತು ಎಂದು ತೋರಿಸುವ ಹತಾರು ನನ್ನ ಪೆಟ್ಟಿಗೆಯಲ್ಲಿ ಇಲ್ಲ.

ಆಮೇಲೆ ನಾನು ಮಾಡಿದ ಯಾವ ಸೈಲೆನ್ಸರಿಗೂ ಬೋಲ್ಟು ಹಾಕಲಿಲ್ಲ. ಎರಡೂ ತುದಿ ವೆಲ್ಡ್ ಮಾಡಿ ಮುಚ್ಚಿಬಿಡುತ್ತಿದ್ದೆ. ಬೆಂಗಳೂರಿನಿಂದ ಬಂದ ಹುಡುಗರು, ಹತ್ತಿ ಬದಲಿಸುವುದು ಹೇಗೆ ಸಾರ್ ಎಂದು ತಕರಾರು ಮಾಡುತ್ತಿದ್ದರು. ಬದಲಿಸಬೇಡಿ, ಹಾಳಾದರೆ ಗುಜರಿಗೆ ಹಾಕಿ, ಇನ್ನೊಂದು ಮಾಡಿಕೊಡುತ್ತೇನೆ ಎನ್ನುತ್ತಿದ್ದೆ. ತೆರೆಯಲು ಬರುವಂತಿದ್ದರೆ ಯಾರಾದರೂ ತೆರೆಸುತ್ತಾರೆ. ತೆರೆಸಿದವರ ಕೈ ಕೆರೆಯುವುದಿಲ್ಲ.